18 ಮೊಳ, 158 ಸೆಂಟಿಮೀಟರ್

ಕಳೆದ ಡಿಸೆಂಬರಿನ ಒಂದು ಸಂಜೆ ಲೋಯರ್ ಪರೇಲಿನ ಫೀನಿಕ್ಸ್ ಮಾಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆವು. ಅಕ್ಕನ ಮಗ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದು, "ಮಾಮಾ, ನನಗ ಎಷ್ಟು ಉದ್ದಂದು ಬೇಕು, ನೀವ ಹೇಳ್ರಿ" ಅಂದ. ಅವನು ಗೆಳೆಯರ ಜೊತೆ ಗುಲ್ಮರ್ಗಕ್ಕೆ ಹೊರಟಿದ್ದ. ಹಿಮದ ಮೇಲೆ ನಿಂತು ಜಾರುವ ಸ್ನೋಬೋರ್ಡನ್ನು ಅಲ್ಲಿ ಬಾಡಿಗೆಗೆ ಕೊಡುತ್ತಾರೆ. ಯಾವ ಅಳತೆಯ ಹಲಗೆ ಬೇಕೆಂದು ಮೊದಲೇ ತಿಳಿಸಬೇಕಿತ್ತು.

ನಾನು ಹಿಮ ನೋಡಿದ್ದು ಸಿನಿಮಾದಲ್ಲಿ. ಆದರೂ ಮಾಮನ ಸ್ಥಾನಕ್ಕೆ ಕುಂದು ಬರಬಾರದೆಂದು ಇಬ್ಬರೂ ಕೂತು ಓದಿದೆವು. ಎಲ್ಲರೂ ಹೇಳುವ ಸುಲಭ ಸೂತ್ರ ಒಂದಿದೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ನಿಂತರೆ ಅದರ ತುದಿ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಅವನು ಅಲ್ಲೇ ಎದ್ದು ನಿಂತು ನೆಲದಿಂದ ಗದ್ದದವರೆಗೆ ಗೇಣು ಹಾಕಿದ. ಪಕ್ಕದ ಮೇಜಿನವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮೈಯನ್ನೇ ಅಳತೆಗೋಲು ಮಾಡಿಕೊಂಡು "ನನಗೆ ಎಷ್ಟು ಉದ್ದ ಬೇಕು" ಎಂದು ಕೇಳುವ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ನಾವು ಕೂತಿದ್ದ ಜಾಗದಲ್ಲಿ 1905ರಲ್ಲಿ ಶುರುವಾದ ಫೀನಿಕ್ಸ್ ಮಿಲ್ ಇತ್ತು. ಸುತ್ತಲ ಪರೇಲ್, ಲಾಲ್‌ಬಾಗ್, ಶಿವಡಿ, ವರ್ಳಿಗಳೆಲ್ಲ ಸೇರಿ ಗಿರಣಗಾಂವ್, ಅಂದರೆ ಗಿರಣಿಗಳ ಊರು. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರು ಬದುಕಿದ್ದೇ ಬಟ್ಟೆಯ ಉದ್ದದ ಮೇಲೆ.

ಹಲಗೆಯ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಸೀರೆಯ ಲೆಕ್ಕ ಆಗಬೇಕು.

ಯಾರ ಮೊಳ?

ನಮ್ಮ ಹಳೆಯ ಅಳತೆಗಳೆಲ್ಲ ಮೈಯಿಂದ ಹುಟ್ಟಿದವು. ಬೆರಳಿನ ಅಗಲ ಅಂಗುಲ. ಹೆಬ್ಬೆರಳ ತುದಿಯಿಂದ ಚಾಚಿದ ಕಿರುಬೆರಳ ತುದಿಗೆ ಗೇಣು. ಮೊಣಕೈಯಿಂದ ನಡುಬೆರಳ ತುದಿಗೆ ಮೊಳ. ಎರಡೂ ತೋಳು ಚಾಚಿದರೆ ಮಾರು. ಎರಡು ಮೊಳಕ್ಕೆ ಒಂದು ಗಜ. ಹೂ ಮಾರುವವಳು ಇವತ್ತಿಗೂ ಮೊಳ ಹಾಕಿಯೇ ಕೊಡುತ್ತಾಳೆ, ಕೊಳ್ಳುವವಳು "ನಿನ್ನ ಕೈ ಗಿಡ್ಡ ಕಣೇ" ಎಂದು ಜಗಳವಾಡಿಯೇ ತಗೊಳ್ಳುತ್ತಾಳೆ. ಮೈಯ ಅಳತೆಯ ಲಾಭವೂ ತೊಡಕೂ ಆ ಜಗಳದಲ್ಲಿಯೇ ಇವೆ. ಅಳತೆಗೋಲು ಸದಾ ನಿಮ್ಮ ಜೊತೆಗಿರುತ್ತದೆ, ಆದರೆ ಅದು ನಿಮ್ಮದು ಮಾತ್ರ.

ನನ್ನಜ್ಜಿ ಹುನಗುಂದದ ಕಡೆಯವಳು. ಅವಳ ಬಾಯಲ್ಲಿ ಸೀರೆ ಎಂದರೆ ಹದಿನೆಂಟು ಮೊಳದ್ದು. ಒಂಬತ್ತು ಗಜ. ಅದನ್ನೇ ಪರೇಲಿನ ನೆರೆಯವರು ನವ್‌ವಾರಿ ಎನ್ನುತ್ತಿದ್ದರು. ಮರಾಠಿಯಲ್ಲಿ ವಾರ ಅಂದರೆ ಗಜ. ಹಳೇ ಮೈಸೂರಿನ ಕಡೆ ಹದಿನಾರು ಮೊಳದ ಮಾತು ಹೆಚ್ಚು. ಇಳಕಲ್ಲಿನ ನೇಕಾರರು ಆರು, ಎಂಟು, ಒಂಬತ್ತು ಗಜ, ಮೂರೂ ನೇಯುತ್ತಿದ್ದರು.

ಇಳಕಲ್ ಸೀರೆಯಲ್ಲಿ ಉದ್ದ ಎನ್ನುವುದು ಕೊನೆಯಲ್ಲಿ ಕತ್ತರಿ ಹಾಕಿ ಮಾಡುವ ತೀರ್ಮಾನವಲ್ಲ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಹಾಗಾಗಿ ಒಂದೊಂದು ಸೀರೆಗೂ ಒಂದೊಂದು ಹಾಸು ಹೂಡಬೇಕು. ಉಡುವವಳು ಯಾರು, ಹೇಗೆ ಉಡುತ್ತಾಳೆ ಎಂಬುದು ಮಗ್ಗಕ್ಕೆ ಕೂರುವ ಮೊದಲೇ ಗೊತ್ತಿರಬೇಕು. ಹದಿನೆಂಟು ಮೊಳವೆಂದು ಹೂಡಿದ ಹಾಸನ್ನು ಆಮೇಲೆ ಹನ್ನೆರಡಕ್ಕೆ ಇಳಿಸಿದರೆ ಸೆರಗು ಎಲ್ಲಿಯೋ ಉಳಿದುಬಿಡುತ್ತದೆ.

ಸಮಸ್ಯೆ ಶುರುವಾಗುವುದು ಬಟ್ಟೆ ಊರು ದಾಟಿದಾಗ. ಮುಂಬೈ ಪೇಟೆಯಲ್ಲಿ ಹಿಂದೆ ನಡೆಯುತ್ತಿದ್ದ ಗಜ 27 ಇಂಚಿನದು, ಮದರಾಸಿನದು 33, ಬಂಗಾಳದ್ದು 36. ಒಂಬತ್ತು ಗಜ ಎಂದು ಮೂವರು ವ್ಯಾಪಾರಿಗಳು ಪ್ರಾಮಾಣಿಕವಾಗಿ ಹೇಳಿದರೂ ಮೂರು ಬೇರೆ ಸೀರೆಗಳಾಗುತ್ತಿದ್ದವು. ನೇಯುವವನೂ ಉಡುವವಳೂ ಒಂದೇ ಊರಲ್ಲಿದ್ದಾಗ ಈ ತೊಡಕು ಮಾತಿನಲ್ಲೇ ಮುಗಿಯುತ್ತಿತ್ತು. ಗಿರಣಿ ಬಂದ ಮೇಲೆ ಅದು ಸಾಧ್ಯವಿರಲಿಲ್ಲ.

ಗಿರಣಿಯ ಗುರುತು

ಮುಂಬೈಯ ಮೊದಲ ಹತ್ತಿ ಗಿರಣಿಯ ಕಂಪನಿಯನ್ನು ಕಾವಸ್ಜಿ ನಾನಾಭಾಯ್ ದಾವರ್ 1854ರಲ್ಲಿ ಕಟ್ಟಿದರು. ತಾಡದೇವದ ಆ ಗಿರಣಿ ನೂಲು ತೆಗೆಯಲು ಶುರುಮಾಡಿದ್ದು 1856ರಲ್ಲಿ. ಮುಂದಿನ ಐವತ್ತು ವರ್ಷಗಳಲ್ಲಿ ಪರೇಲಿನ ಗದ್ದೆ ತೋಟಗಳ ಮೇಲೆ ಚಿಮಣಿಗಳು ಎದ್ದವು. ನಮ್ಮ ಕಡೆಯವರಿಗೂ ಈ ಕಥೆಯಲ್ಲಿ ಪಾಲಿದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿ ಮುಂಬೈಗೆ ಬರುತ್ತಿತ್ತು. ಆ ಹತ್ತಿಗೆ ಇಲ್ಲಿನ ಪೇಟೆಯಲ್ಲಿ ಕುಮಟಾ ಎಂದೇ ಹೆಸರು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡಗಳು 1956ರ ನವೆಂಬರಿನವರೆಗೂ ಮುಂಬೈಗೇ ಸೇರಿದ್ದವು. ಹತ್ತಿಯ ಹಿಂದೆ ಜನರೂ ಬಂದರು. ನಮ್ಮಜ್ಜ ಬಂದದ್ದೂ ಹಾಗೆಯೇ, ಪರೇಲಿನ ಒಂದು ಮಿಲ್ಲಿನ ಮಗ್ಗದ ಖಾತೆಗೆ.

ಗಿರಣಿಯಲ್ಲಿ ಉದ್ದ ನಿರ್ಧಾರವಾಗುವುದು ಎಲ್ಲಿ? ನೇಕಾರನ ಕೈಯಲ್ಲಿ ಅಲ್ಲ. ಹಾಸಿನ ನೂಲಿಗೆ ಗಂಜಿ ಹಚ್ಚುವ ಯಂತ್ರದಲ್ಲಿ ಅಳೆಯುವ ಉರುಳೆಯೊಂದಿರುತ್ತದೆ. ಇಷ್ಟು ಗಜ ನೂಲು ಹಾದುಹೋದ ಕೂಡಲೇ ಅದು ನೂಲಿನ ಮೇಲೆ ಬಣ್ಣದ ಗುರುತು ಒತ್ತುತ್ತದೆ. ಆ ಗುರುತಿನಿಂದ ಗುರುತಿಗೆ ಒಂದು ತುಂಡು. ಮಗ್ಗದ ಮೇಲೆ ಗುರುತು ಬಂದಾಗ ನೇಕಾರ ಅಡ್ಡಪಟ್ಟಿ ಹಾಕಬೇಕು, ಸೆರಗು ಶುರುಮಾಡಬೇಕು. ಗುರುತು ತಪ್ಪಿದರೆ ಸೀರೆ ಕೆಟ್ಟಿತು.

ಇದರಲ್ಲೂ ಒಂದು ಸೂಕ್ಷ್ಮವಿದೆ. ನೂರು ಗಜ ಹಾಸಿನಿಂದ ನೂರು ಗಜ ಬಟ್ಟೆ ಬರುವುದಿಲ್ಲ. ಹಾಸಿನ ಎಳೆ ಹೊಕ್ಕಿನ ಎಳೆಯ ಮೇಲೆ ಕೆಳಗೆ ಬಳುಕಿ ಹೋಗುವುದರಿಂದ ಬಟ್ಟೆ ಕುಗ್ಗುತ್ತದೆ. ಬಿಳುಪು ಮಾಡುವಾಗ ಎಳೆದರೆ ಮತ್ತೆ ಹಿಗ್ಗುತ್ತದೆ. ಮನೆಗೆ ಒಯ್ದು ಒಗೆದರೆ ಮತ್ತೆ ಕುಗ್ಗುತ್ತದೆ. ಹಾಗಾದರೆ ಒಂಬತ್ತು ಗಜ ಎನ್ನುವುದು ಯಾವ ಹೊತ್ತಿನ ಅಳತೆ? ವ್ಯಾಪಾರದ ಉತ್ತರ: ಗಿರಣಿಯ ಬಾಗಿಲು ದಾಟುವ ಹೊತ್ತಿನದು. ಉಡುವವಳ ಉತ್ತರ ಬೇರೆ: ಮೊದಲ ಒಗೆತದ ನಂತರದ್ದು. ನನ್ನಜ್ಜಿ ಹೊಸ ಸೀರೆಯನ್ನು ನೀರಿಗೆ ಹಾಕದೆ ಯಾವತ್ತೂ ಅಳೆದವಳಲ್ಲ.

ಬಟ್ಟೆಯಲ್ಲಿ ಮೋಸ ಮಾಡಲು ಎರಡು ಹಳೇ ದಾರಿಗಳಿದ್ದವು, ತೂಕ ಮತ್ತು ಉದ್ದ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, 1861ರಿಂದ 1865ರವರೆಗೆ, ಹತ್ತಿ ಸಿಗದೆ ಲಂಕಾಶೈರಿನ ಗಿರಣಿಗಳು ನೂಲಿಗೆ ಗಂಜಿಯ ಜೊತೆ ಜೇಡಿಮಣ್ಣು ತುಂಬಿ ಬಟ್ಟೆಯ ತೂಕ ಹೆಚ್ಚಿಸಿದವು. ಒಗೆದ ಮೇಲೆ ಉಳಿಯುವುದು ಜಾಳು ಬಟ್ಟೆ. ಉದ್ದದ ಮೋಸಕ್ಕೆ ಮದ್ದಾಗಿ 1889ರ ಸರಕು ಗುರುತುಗಳ ಕಾಯ್ದೆ ಬಂತು. ತುಂಡಿನ ಲೆಕ್ಕದಲ್ಲಿ ಮಾರುವ ಪ್ರತಿ ಗಿರಣಿ ಬಟ್ಟೆಯ ಮೇಲೂ ಅದರ ಉದ್ದವನ್ನು ಪ್ರಮಾಣಿತ ಗಜದಲ್ಲಿ ಕಾಣುವಂತೆ ಮುದ್ರೆ ಒತ್ತಬೇಕು, ಒತ್ತದೆ ಮಾರಾಟಕ್ಕೆ ಹೊರಗೆ ಬಿಡುವಂತಿಲ್ಲ. ಗಜ ಅಂದರೆ ಇನ್ನು 36 ಇಂಚು. ನನ್ನಜ್ಜಿಯ ಮೊಣಕೈಗೂ ಅದಕ್ಕೂ ಸಂಬಂಧವಿಲ್ಲ.

ಇದು ಕೊಳ್ಳುವವರಿಗೆ ಒಳ್ಳೆಯದೇ ಆಯಿತು. ಆದರೆ ಮುದ್ರೆಯ ಆ ಕಡೆ ನಿಂತ ನೇಕಾರನಿಗೆ ಬೇರೆ ಕಥೆ. ತಪ್ಪಿದ ಬಟ್ಟೆಯನ್ನು ಅವನ ತಲೆಗೇ ಕಟ್ಟಿ ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿ ಗಿರಣಿಗಳಲ್ಲಿತ್ತು. ನಮ್ಮ ಮನೆಯಲ್ಲಿ ಹಾಗೆ ಬಂದ ಧೋತರಗಳು ದಿಂಬಿನ ಕವಚಗಳಾಗಿ ಬಹಳ ಕಾಲ ಉಳಿದಿದ್ದವು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಕೂತಾಗ ಮುಂದಿಟ್ಟ ದೂರುಗಳಲ್ಲಿ ಇದೂ ಇತ್ತು. ದಂಡ ಮತ್ತು ಕಡಿತಗಳಿಗೆ ಕಾನೂನಿನ ಮಿತಿ ಬಂದದ್ದು 1936ರ ವೇತನ ಪಾವತಿ ಕಾಯ್ದೆಯಿಂದ.

ಉದ್ದ ಎಲ್ಲಿಗೆ ಹೋಗುತ್ತದೆ?

ಒಂಬತ್ತು ಗಜ ಯಾಕೆ ಬೇಕು? ಈಗಿನ ಹುಡುಗಿಯರನ್ನು ಕೇಳಿದರೆ ಆಗಿನವರು ಎತ್ತರವಿದ್ದರು ಎಂದೋ, ಹಳೇ ಕಾಲದ ಮಡಿ ಎಂದೋ ಹೇಳುತ್ತಾರೆ. ಎರಡೂ ಸರಿಯಲ್ಲ.

ಸೀರೆಯಲ್ಲಿ ನಿಮ್ಮ ಎತ್ತರಕ್ಕೆ ಹೊಂದಬೇಕಾದದ್ದು ಉದ್ದವಲ್ಲ, ಅಗಲ. ಅಂಗಡಿಯವರ ಮಾತಿನಲ್ಲಿ ಪನ್ನ. ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವುದು ಬಟ್ಟೆಯ ಅಗಲವೇ. ಅದು ಸಾಮಾನ್ಯವಾಗಿ 45ರಿಂದ 50 ಇಂಚು. ಉದ್ದ ಹೋಗುವುದು ಸುತ್ತಳತೆಗೆ, ನಿರಿಗೆಗೆ, ಕಚ್ಚೆಗೆ, ಸೆರಗಿಗೆ. ಗಿಡ್ಡಗೆ ದಪ್ಪಗಿರುವವಳಿಗೆ ಎತ್ತರಕ್ಕೆ ತೆಳ್ಳಗಿರುವವಳಿಗಿಂತ ಹೆಚ್ಚು ಉದ್ದ ಬೇಕಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಉದ್ದ ನಿಂತಿರುವುದು ನೀವು ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂಬುದರ ಮೇಲೆ.

ಒಂಬತ್ತು ಗಜವನ್ನು ಸೊಂಟಕ್ಕೆ ಸುತ್ತಿ, ಮುಂದೆ ನಿರಿಗೆ ಹಿಡಿದು, ಕಾಲುಗಳ ನಡುವೆ ತೆಗೆದು ಹಿಂದೆ ಕಚ್ಚೆ ಸಿಕ್ಕಿಸಿದರೆ ಎರಡೂ ಕಾಲು ಬೇರೆಬೇರೆಯಾಗುತ್ತವೆ. ಗದ್ದೆಯಲ್ಲಿ ಬಗ್ಗಬಹುದು, ಏಣಿ ಹತ್ತಬಹುದು. ಒಳಗೆ ಲಂಗ ಬೇಡ. ಗಿರಣಿಯ ಹೆಂಗಸರು ಹೆಚ್ಚಾಗಿ ಇದ್ದದ್ದು ನೂಲನ್ನು ಲಡಿ ಮಾಡುವ, ಉರುಳೆಗೆ ಸುತ್ತುವ ಖಾತೆಗಳಲ್ಲಿ. ತಿರುಗುವ ಯಂತ್ರಗಳ ಸಾಲಿನ ನಡುವೆ ಗಂಟೆಗಟ್ಟಲೆ ನಿಂತು ಓಡಾಡುವ ಕೆಲಸ. ಅಲ್ಲಿ ಇಳಿಬಿದ್ದ ನಿರಿಗೆ ಅಪಾಯ, ಬಿಗಿದ ಕಚ್ಚೆ ರಕ್ಷೆ. ಒಂಬತ್ತು ಗಜ ಅವರಿಗೆ ಸಂಪ್ರದಾಯಕ್ಕಿಂತ ಮೊದಲು ಕೆಲಸದ ಉಡುಪು.

ಮಗ್ಗದ ಕಡೆಯಿಂದ ನೋಡಿದರೂ ಇದೇ ನ್ಯಾಯ. ಒಂದು ಮಗ್ಗ ಎಷ್ಟು ಅಗಲ ನೇಯಬಲ್ಲದು ಎಂಬುದು ಅದನ್ನು ಕಟ್ಟುವಾಗಲೇ ನಿಶ್ಚಯ. ಉದ್ದವನ್ನು ಮಾತ್ರ ಬೇಕಾದಂತೆ ಬದಲಿಸಬಹುದು. ಗಾಂಧೀಜಿಗೆ ಈ ಕಷ್ಟ ಎದುರಾಗಿತ್ತು. ಆಶ್ರಮದಲ್ಲಿ ಸಿಗುತ್ತಿದ್ದ ಖಾದಿಯ ಅಗಲ 30 ಇಂಚು ಮಾತ್ರ. ಒಂದು ತಿಂಗಳೊಳಗೆ 45 ಇಂಚು ಅಗಲದ ಧೋತರ ಒದಗಿಸದಿದ್ದರೆ ಗಿಡ್ಡ ಖಾದಿಯನ್ನೇ ಉಡುತ್ತೇನೆಂದು ಗಂಗಾಬೆನ್‌ಗೆ ಅವರು ಗಡುವು ಕೊಟ್ಟರು, ಆಕೆ ತಿಂಗಳೊಳಗೆ ನೇಯಿಸಿ ಕಳಿಸಿದರು. ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದುಕೊಂಡಿದ್ದಾರೆ.

ಎರಡು ಪ್ರಶ್ನೆಗಳು, ಒಂದೇ ಪರೇಲ್

1921ರ ಜುಲೈ 31ರಂದು ಪರೇಲಿನ ಎಲ್ಫಿನ್‌ಸ್ಟನ್ ಮಿಲ್ಲಿನ ಆವರಣದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಇಟ್ಟರು. ಮಿಲ್ಲಿನ ಒಡೆಯ ಉಮರ್ ಸೋಬಾನಿ ಚಳವಳಿಯ ಜೊತೆಗಿದ್ದವರು. ಮರುದಿನ ತಿಲಕರ ಮೊದಲ ಪುಣ್ಯತಿಥಿ. ನವಿರಾದ ಸೀರೆಗಳು, ಕೋಟುಗಳು ಉರಿದುಹೋದವು.

ಬೆಂಕಿ ಆರಿದ ಮೇಲೆ ಸರಳವಾದ ಒಂದು ಪ್ರಶ್ನೆ ಉಳಿಯಿತು. ವಿದೇಶಿ ಬಟ್ಟೆ ಬಿಡಿ, ಖಾದಿ ಉಡಿ ಎಂದರೆ ಉಡುವಷ್ಟು ಖಾದಿ ಎಲ್ಲಿದೆ? ಇದ್ದರೂ ಬಡವನಿಗೆ ಕೊಳ್ಳಲು ಕಾಸೆಲ್ಲಿದೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮಲ್ಲಿ ಬಡವನಿಗೆ ಹೇಳುವ ಬುದ್ಧಿಮಾತು. ಗಾಂಧೀಜಿ ಅದನ್ನು ತಮಗೇ ಹೇಳಿಕೊಂಡರು. ಎರಡು ತಿಂಗಳೂ ಕಳೆಯದೆ, ಸೆಪ್ಟೆಂಬರ್ 22ರಂದು ಮದುರೆಯಲ್ಲಿ, ಉದ್ದ ಧೋತರ ಅಂಗಿ ಬಿಟ್ಟು ಮೊಣಕಾಲ ಮೇಲಿನ ತುಂಡು ಬಟ್ಟೆಗೆ ಇಳಿದರು. ಬಡವನಿಗೆ ಸಿಗುವುದು ಅಷ್ಟೇ ಉದ್ದವಾದರೆ ನನಗೂ ಅಷ್ಟೇ ಸಾಕು ಎಂಬುದು ಅವರ ಲೆಕ್ಕ.

ಅದೇ ಕಾಲದಲ್ಲಿ ಎಲ್ಫಿನ್‌ಸ್ಟನ್ ಮಿಲ್ಲಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಪರೇಲಿನ ಪೊಯಿಬಾವಡಿಯ ಬಿಐಟಿ ಚಾಳಿನ ಎರಡು ಕೋಣೆಗಳಲ್ಲಿ, ಬಾಬಾಸಾಹೇಬ್ ಅಂಬೇಡ್ಕರರ ಕುಟುಂಬ ವಾಸವಾಗಿತ್ತು. ಅವರ ಲೆಕ್ಕ ಉಲ್ಟಾ. 1927ರ ಡಿಸೆಂಬರಿನಲ್ಲಿ ಮಹಾಡದ ಪರಿಷತ್ತಿನಲ್ಲಿ ಅವರು ದಲಿತ ಹೆಂಗಸರನ್ನೇ ಉದ್ದೇಶಿಸಿ ಮಾತಾಡಿದರು. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ನಿಮ್ಮ ಸೀರೆ ದೂರದಿಂದಲೇ ನಿಮ್ಮ ಜಾತಿಯನ್ನು ಸಾರುತ್ತದೆ, ಮೇಲ್ಜಾತಿಯ ಹೆಂಗಸರು ಉಟ್ಟಂತೆ ಹಿಮ್ಮಡಿಯವರೆಗೆ ಇಳಿಬಿಟ್ಟು ಉಡಿ ಎಂಬುದು ಆ ಮಾತಿನ ಸಾರ. ಕೇಳಿದ ಹೆಂಗಸರು ಅಲ್ಲಿಯೇ ಉಡುವ ರೀತಿ ಬದಲಿಸಿಕೊಂಡರು.

ಇಲ್ಲಿ ಯಾರೂ ಹೆಚ್ಚು ಗಜ ಕೊಳ್ಳಲಿಲ್ಲ. ಮೊದಲಿನದೇ ಸೀರೆ ಎರಡು ಗೇಣು ಕೆಳಗಿಳಿಯಿತು, ಅಷ್ಟೇ. ಆದರೆ ಆ ಎರಡು ಗೇಣಿಗಾಗಿ ತಲೆಮಾರುಗಳು ಕಾದಿದ್ದವು. ಎಲ್ಲವೂ ಇದ್ದವನು ಬಟ್ಟೆ ಗಿಡ್ಡ ಮಾಡಿಕೊಂಡರೆ ಅದು ತ್ಯಾಗ. ಗಿಡ್ಡವಾಗಿ ಉಡು ಎಂದು ಊರು ಕಟ್ಟು ಮಾಡಿದ್ದವಳಿಗೆ ಗಿಡ್ಡ ಬಟ್ಟೆ ತ್ಯಾಗವಲ್ಲ, ಬೇಡಿ. ಇಬ್ಬರ ಉತ್ತರವೂ ಅವರವರ ಪ್ರಶ್ನೆಗೆ ಸರಿಯಾಗಿತ್ತು ಎಂದು ನನಗನ್ನಿಸುತ್ತದೆ. ನಿಮಗೆ ಎಷ್ಟು ಉದ್ದ ಬೇಕು ಎಂದು ಇನ್ನೊಬ್ಬರು ಹೇಳುವಾಗ, ಹೇಳುವವರು ಯಾರು, ಕೇಳುವವರು ಯಾರು ಎಂದು ನೋಡದೆ ತೀರ್ಪು ಕೊಡಲಾಗದು.

ಸರಕಾರದ ಗಜ

ಎರಡನೇ ಮಹಾಯುದ್ಧ ಬಂದಾಗ ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಯಿತು, ಪೇಟೆಯಲ್ಲಿ ಬೆಲೆ ಏರಿತು. 1943ರ ಜೂನಿನಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಹೊರಟಿತು. ಉದ್ದದ ಮುದ್ರೆಯ ಪಕ್ಕದಲ್ಲಿ ಇನ್ನು ಬೆಲೆಯ ಮುದ್ರೆಯೂ ಬಂತು. ಮುಂದೆ ಬಟ್ಟೆ ಪಡಿತರಕ್ಕೆ ಸೇರಿತು, ತಲೆಗಿಷ್ಟು ಗಜ ಎಂದು.

ತಲೆಗಿಷ್ಟು ಎನ್ನುವುದು ಕೇಳಲು ನ್ಯಾಯವಾದ ಮಾತು. ಆದರೆ ಆರು ಗಜ ಉಡುವವಳಿಗೂ ಒಂಬತ್ತು ಗಜ ಉಡುವವಳಿಗೂ ಒಂದೇ ಪಾಲು ಕೊಟ್ಟರೆ ಒಬ್ಬಳ ಎರಡು ಸೀರೆ ಇನ್ನೊಬ್ಬಳಿಗೆ ಒಂದೂಕಾಲು ಚಿಲ್ಲರೆ ಆಗುತ್ತದೆ. ನನ್ನಜ್ಜಿ ಆ ದಿನಗಳ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಒಂದ್ ಸೀರಿ ಮೈಮ್ಯಾಗ, ಒಂದ್ ಸೀರಿ ಹಗ್ಗದ ಮ್ಯಾಗ. ಮಳಿಗಾಲದಾಗ ಹಗ್ಗದ ಮ್ಯಾಲಿಂದು ಒಣಗತಿರಲಿಲ್ಲ." 1948ರ ಜನವರಿಯಲ್ಲಿ ನಿಯಂತ್ರಣ ತೆಗೆದರು. ಬೆಲೆ ಹಾರಿದ್ದು ನೋಡಿ ಅದೇ ವರ್ಷ ಮತ್ತೆ ಹಾಕಿದರು.

ಸ್ವಾತಂತ್ರ್ಯದ ನಂತರ ಉದ್ದ ಬಟ್ಟೆಯ ಮೇಲೆ ಬೇರೊಂದು ಜಗಳ ನಡೆಯಿತು. ಸೀರೆ, ಧೋತರಗಳನ್ನು ಯಾರು ನೇಯಬೇಕು? ಗಿರಣಿ ಅಗ್ಗಕ್ಕೆ ನೇಯುತ್ತಿತ್ತು, ಕೈಮಗ್ಗದವನು ಹಸಿದು ಕೂತಿದ್ದ. ಇವೆರಡನ್ನೂ ಕೈಮಗ್ಗಕ್ಕೇ ಬಿಡಬೇಕೆಂದು ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಠ ಹಿಡಿದರು. 1952ರ ಕೊನೆಗೆ ಗಿರಣಿಗಳ ಧೋತರ ಉತ್ಪಾದನೆಯನ್ನು ಹಿಂದಿನ ಮಟ್ಟದ ಶೇಕಡಾ 60ಕ್ಕೆ ಇಳಿಸಲಾಯಿತು. 1953ರಲ್ಲಿ ಅದನ್ನು ಮೀರಿದವರಿಗೆ ಹೆಚ್ಚುವರಿ ಸುಂಕದ ಕಾಯ್ದೆ ಬಂತು. 1985ರ ಕೈಮಗ್ಗ ಮೀಸಲು ಕಾಯ್ದೆಯಲ್ಲೂ ಸೀರೆ, ಧೋತರಗಳು ಪಟ್ಟಿಯಲ್ಲಿದ್ದವು. ನಮ್ಮ ಮನೆಗೆ ಇದು ವಿಚಿತ್ರ ಇಕ್ಕಟ್ಟು. ಗಿರಣಿಯ ಧೋತರ ನಿಂತರೆ ಅಜ್ಜನ ಮಗ್ಗಕ್ಕೆ ಕೆಲಸ ಕಡಿಮೆ, ನಿಲ್ಲದಿದ್ದರೆ ಊರಿನ ದಾಯಾದಿಗಳ ಮಗ್ಗ ಬಂದ್.

ಮೂರು ಗಜ ಎಲ್ಲಿ ಹೋಯಿತು?

ಈ ನಡುವೆ ಸೀರೆಯೇ ಗಿಡ್ಡವಾಗುತ್ತಿತ್ತು. ನಿರಿಗೆ ಇಳಿಬಿಟ್ಟು, ಒಳಗೆ ಲಂಗ, ಮೇಲೆ ರವಿಕೆ ತೊಟ್ಟು ಉಡುವ ರೀತಿಯ ಒಂದು ಮೂಲ ಮುಂಬೈಯಲ್ಲೇ ಇದೆ. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರಿಗೆ ಕೆಲಸ ಸಿಕ್ಕಿದ್ದು ಮುಂಬೈ ಪ್ರಾಂತದಲ್ಲಿ. ಮುಂದೆ ಅವರು ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ಅವರ ಹೆಂಡತಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಇಲ್ಲಿನ ಪಾರ್ಸಿ ಹೆಂಗಸರಿಂದ ಸೀರೆ ಉಡುವ ರೀತಿ ಕಲಿತು, ತಿದ್ದಿಕೊಂಡು, ಕಲಕತ್ತೆಗೆ ಒಯ್ದರು. ಕಚೇರಿ, ಶಾಲೆ, ಸಭೆಗಳಿಗೆ ಹೋಗುವ ಹೆಂಗಸರಲ್ಲಿ ಅದು ಹರಡಿತು.

ಆರು ಗಜದಿಂದ ಬಟ್ಟೆ ಉಳಿತಾಯವಾಯಿತೇ? ಲೆಕ್ಕ ಹಾಕೋಣ. ಒಂಬತ್ತು ಗಜ ಅಂದರೆ 8.23 ಮೀಟರ್. ಆರು ಗಜ 5.49 ಮೀಟರ್. ಕಾಣುವ ಉಳಿತಾಯ 2.74 ಮೀಟರ್. ಆದರೆ ಆರು ಗಜಕ್ಕೆ ಲಂಗ ಬೇಕೇ ಬೇಕು. ಅದಕ್ಕೆ ಸುಮಾರು ಎರಡು ಮೀಟರ್ ಬಟ್ಟೆ. ನಿಜವಾದ ಉಳಿತಾಯ ಮುಕ್ಕಾಲು ಮೀಟರಿನ ಹತ್ತಿರ. ಹಳೇ ಸೀರೆ ಲಂಗವನ್ನು ತನ್ನೊಳಗೇ ಇಟ್ಟುಕೊಂಡಿತ್ತು, ಹೊಸ ಸೀರೆ ಅದನ್ನು ಬೇರೆ ಮಾಡಿ ಮಾರಿತು. ಬದಲಾದದ್ದು ಬಟ್ಟೆಯ ಖರ್ಚಿಗಿಂತ ಹೆಚ್ಚಾಗಿ ಕಾಲಿನ ಓಟ. 1958ರಿಂದ ಹಂತಹಂತವಾಗಿ ಮೆಟ್ರಿಕ್ ಅಳತೆ ಬಂದು ಗಜವೂ ಕಾಗದದಿಂದ ಹೋಯಿತು. ಬಾಯಲ್ಲಿ ಮಾತ್ರ ಉಳಿದಿದೆ.

ಗಿರಣಗಾಂವ್ ಮುಗಿದ ಕಥೆ ಎಲ್ಲರಿಗೂ ಗೊತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. 1991ರ ನಿಯಮಗಳು ಗಿರಣಿ ಜಮೀನಿನ ಮಾರಾಟಕ್ಕೆ ದಾರಿ ತೆರೆದವು. ಚಿಮಣಿಗಳ ಜಾಗಕ್ಕೆ ಗಾಜಿನ ಗೋಪುರಗಳು ಬಂದವು. ನಾವು ಕಾಫಿ ಕುಡಿಯುತ್ತಿದ್ದದ್ದು ಅಂಥ ಒಂದು ಜಾಗದಲ್ಲಿ.

ಆದರೂ ಉದ್ದದ ಪ್ರಶ್ನೆ ಪರೇಲ್ ಬಿಟ್ಟು ಹೋಗಿಲ್ಲ. ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇಲ್ಲಿದೆ. ಅದರ ಸುತ್ತಲ ಫುಟ್‌ಪಾತಿನಲ್ಲಿ ಬಾಗಲಕೋಟೆ, ವಿಜಯಪುರ, ಕಲಬುರ್ಗಿಯ ಕನ್ನಡ ದಿನವೂ ಕೇಳುತ್ತದೆ. ಒಂದು ಬೆಳಿಗ್ಗೆ ಅಲ್ಲಿ ಅಜ್ಜಿಯೊಬ್ಬಳು ಕಂಬಿಗೆ ಇಳಕಲ್ ಸೀರೆ ಹರವಿದ್ದಳು. ಮಗನಿಗೆ ಚಿಕಿತ್ಸೆ ನಡೆದಿತ್ತು. ಮಾತಿಗೆ ಮಾತು ಬಂದು, ಇಲ್ಲಿ ಇನ್ನೊಂದು ಸೀರೆ ಕೊಳ್ಳಬೇಕೆಂದಳು. ಹಿಂದ್‌ಮಾತಾದ ಅಂಗಡಿಗಳಿಗೆ ಕರೆದುಕೊಂಡು ಹೋದೆ. ತೋರಿಸಿದ್ದೆಲ್ಲ ಐದೂವರೆ ಮೀಟರಿನವು. ಅವಳು ತೋಳಿನಿಂದ ಮೊಳ ಹಾಕಿ ಎಣಿಸಿ ಹನ್ನೆರಡಕ್ಕೆ ನಿಲ್ಲಿಸಿದಳು. "ಇದನ್ನ ಉಟ್ಟರ ಕಚ್ಚಿ ಎಲ್ಲಿಂದ ತರ್ಲಿ ಯಪ್ಪಾ? ದವಾಖಾನಿ ನೆಲದ ಮ್ಯಾಗ ಮಲಗಾಕಿ ನಾನು, ಏಳತೀನಿ, ಕೂಡತೀನಿ, ಓಡತೀನಿ" ಎಂದಳು. ಅದು ಫ್ಯಾಶನ್ನಿನ ಮಾತಾಗಿರಲಿಲ್ಲ. ನೂರು ವರ್ಷ ಹಿಂದೆ ನೂಲಿನ ಖಾತೆಯ ಹೆಂಗಸು ಹೇಳಬಹುದಾಗಿದ್ದ ಕಾರಣವನ್ನೇ ಅವಳು ಹೇಳುತ್ತಿದ್ದಳು.

ಪಕ್ಕದ ಅಂಗಡಿಯಲ್ಲಿ ಒಂಬತ್ತು ಗಜದ್ದೇನೋ ಇತ್ತು, ಹೊಲಿದದ್ದು. ಯುಗಾದಿ ಮೆರವಣಿಗೆಗೆ ಹುಡುಗಿಯರು ಪ್ಯಾಂಟಿನಂತೆ ಹಾಕಿಕೊಳ್ಳುವ ಸಿದ್ಧ ನವ್‌ವಾರಿ. ಸೊಂಟದ ಅಳತೆ, ಎತ್ತರದ ಅಳತೆ ಹೇಳಿದರೆ ಸಾಕು, ಸಣ್ಣದು, ನಡುವಿನದು, ದೊಡ್ಡದು ಎಂದು ತೆಗೆದುಕೊಡುತ್ತಾರೆ. ಯಾವ ಮೈಗೂ ಹೊಂದಿಕೊಳ್ಳುತ್ತಿದ್ದ ಬಟ್ಟೆಗೆ ಈಗ ಸೈಜು ಬಂದಿದೆ. ಅಜ್ಜಿ ಅದನ್ನು ಮುಟ್ಟಿ ನೋಡಿ ನಕ್ಕಳು. ಕೊನೆಗೆ ಮೂರನೇ ಅಂಗಡಿಯ ಮೇಲಿನ ಹಲಗೆಯಿಂದ ಹಳೇ ದಾಸ್ತಾನಿನ ಹದಿನೆಂಟು ಮೊಳ ಇಳಿಯಿತು. ಬಣ್ಣ ಅವಳಿಗೆ ಹಿಡಿಸಲಿಲ್ಲ, ಉದ್ದ ಹಿಡಿಸಿತು. ತಗೊಂಡಳು.

ಇನ್ನು ಹಲಗೆ

ಸ್ನೋಬೋರ್ಡಿಗೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬವರು ಮಕ್ಕಳ ಆಟಕ್ಕಾಗಿ ಎರಡು ಹಿಮಜಾರು ಪಟ್ಟಿಗಳನ್ನು ಜೋಡಿಸಿ ಕಟ್ಟಿದ್ದು ಅದರ ಆರಂಭ. 1977ರಲ್ಲಿ ಜೇಕ್ ಬರ್ಟನ್ ವರ್ಮಾಂಟಿನಲ್ಲಿ ಹಲಗೆ ತಯಾರಿಸಲು ತೊಡಗಿದರು. 1998ರಲ್ಲಿ ಆ ಆಟ ನಾಗಾನೋ ಒಲಿಂಪಿಕ್ಸ್ ಸೇರಿತು. ಅದಕ್ಕೂ ಹಿಂದಿನ ಹಿಮಜಾರು ಪಟ್ಟಿಗಳಿಗೆ ಕೈ ಮೇಲೆತ್ತಿ ನಿಂತರೆ ಮಣಿಕಟ್ಟಿಗೆ ಮುಟ್ಟುವಷ್ಟು ಉದ್ದ ಎಂಬ ಸೂತ್ರವಿತ್ತು. ಗದ್ದ ಮೂಗಿನ ಸೂತ್ರ ಅದರ ತಮ್ಮ. ಎರಡೂ ಮೊಳ ಗೇಣುಗಳ ಒಕ್ಕಲು.

ಆದರೆ ಹಲಗೆಗೆ ನಿಮ್ಮ ಎತ್ತರ ಗೊತ್ತಾಗುವುದಿಲ್ಲ, ತೂಕ ಗೊತ್ತಾಗುತ್ತದೆ. ಅದು ನಿಮ್ಮ ಭಾರಕ್ಕೆ ಬಾಗಿ, ಅಂಚಿನಿಂದ ಹಿಮವನ್ನು ಹಿಡಿದು ತಿರುಗಬೇಕು. ತೂಕಕ್ಕೆ ಮೀರಿ ಗಿಡ್ಡವಾದರೆ ಹೆಚ್ಚು ಬಾಗಿ ನಡುಗುತ್ತದೆ, ಮೆತ್ತನೆ ಹಿಮದಲ್ಲಿ ಹುಗಿಯುತ್ತದೆ. ಉದ್ದ ಹೆಚ್ಚಾದರೆ ಕಲಿಯುವವನ ಮಾತು ಕೇಳುವುದಿಲ್ಲ. ಅದಕ್ಕೇ ತಯಾರಕರು ಒಂದೊಂದು ಉದ್ದಕ್ಕೂ ಇಷ್ಟರಿಂದ ಇಷ್ಟು ಕಿಲೋ ಎಂದು ಬರೆದಿರುತ್ತಾರೆ. ಎರಡನೆಯದು ಅಗಲ. ಪಾದ ದೊಡ್ಡದಾಗಿದ್ದು ಹಲಗೆ ಕಿರಿದಾದರೆ ಬೂಟಿನ ತುದಿ ಹಿಮಕ್ಕೆ ತಾಗಿ ಬೀಳುತ್ತೀರಿ. ಮೂರನೆಯದು ಕೆಲಸ. ಇಳಿಜಾರಿನಲ್ಲಿ ಕಲಿಯಲು, ಪಲ್ಟಿ ಹೊಡೆಯಲು ಗಿಡ್ಡದು. ಆಳ ಹಿಮಕ್ಕೆ, ವೇಗಕ್ಕೆ ಉದ್ದದ್ದು.

ಸೀರೆಯ ಮೂರು ಪ್ರಶ್ನೆಗಳೇ ಇವು. ಮೈಯ ಗಾತ್ರ, ಪನ್ನ, ಮಾಡುವ ಕೆಲಸ. ಎತ್ತರ ಕೊನೆಯಲ್ಲಿ.

ನನ್ನ ಸೋದರಳಿಯನ ಎತ್ತರ 170 ಸೆಂಟಿಮೀಟರ್, ತೂಕ 82 ಕಿಲೋ, ಮನೆಯ ಹೋಳಿಗೆಯ ಕೃಪೆ. ಗದ್ದದ ಸೂತ್ರ 150ರ ಆಸುಪಾಸು ಹೇಳುತ್ತಿತ್ತು. ತೂಕದ ಪಟ್ಟಿ 160ರ ಹತ್ತಿರ. ಹೊಸಬನಾದ್ದರಿಂದ ತುಸು ಇಳಿಸಿ 158 ಎಂದು ಬರೆದೆವು, ಅಗಲ ಮಾದರಿ, ಏಕೆಂದರೆ ಪಾದ ಅಜ್ಜನದು. ಜನವರಿಯಲ್ಲಿ ಗುಲ್ಮರ್ಗದಿಂದ ಫೋನು ಬಂತು. "ಮಾಮಾ, ಉದ್ದ ಬರೋಬ್ಬರಿ ಐತ್ರಿ" ಅಂದ. "ಮತ್ತ ಯಾಕ ಕುಂಟತೀ?" ಎಂದು ಅವನ ತಾಯಿ ಹಿಂದಿನಿಂದ ಕೂಗಿದಳು, ವಿಡಿಯೋದಲ್ಲಿ ಅವನ ನಡಿಗೆ ಕಂಡು. ಬೀಳುವುದಕ್ಕೆ ಯಾವ ಅಳತೆಯೂ ಮದ್ದಲ್ಲ.